ಒಂದೇ ಮಂಚದ ಎರಡು ಪೊಟ್ಟಣ

ಸಾ ದೆಕ್
12 ಏಪ್ರಿಲ್ 1998

ಊತ್,

ನೀನು ಸೈಗಾನಿನ ಮಕ್ಕಳ ಆಸ್ಪತ್ರೆಯಲ್ಲಿ ದೊಡ್ಡ ಡಾಕ್ಟರಾಗಿದ್ದರೂ ನನಗೆ ಊತೇ, ಮನೆಯ ಕೊನೆಯ ಕೂಸು. ನಿಮ್ಮ ವಾರ್ಡಿನಲ್ಲಿ ಇದ್ದಷ್ಟು ದಿನ ಈ ಹೆಸರನ್ನು ನುಂಗಿಕೊಂಡೇ ಇದ್ದೆ. ಕಾಗದದಲ್ಲಿ ಕರೆದರೆ ನಿನ್ನ ನರ್ಸುಗಳಿಗೆ ಕೇಳಿಸುವುದಿಲ್ಲವಲ್ಲ, ಅದಕ್ಕೇ ಮೊದಲ ಸಾಲಿನಲ್ಲೇ ಕರೆದುಬಿಟ್ಟೆ.

ನಿನ್ನಣ್ಣನ ಮಗ ಸಿಗಡಿ ಚೆನ್ನಾಗಿದ್ದಾನೆ. ಭೇದಿ ಪೂರ್ತಿ ನಿಂತಿದೆ. ಗಂಜಿ ಕುಡಿದು ಬೆಕ್ಕಿನ ಬಾಲ ಹಿಡಿದು ಎಳೆಯುವಷ್ಟು ಶಕ್ತಿ ಬಂದಿದೆ. ಅವನ ಅಪ್ಪ ಅಮ್ಮ ಶೂ ಫ್ಯಾಕ್ಟರಿಗೆ ರಜೆ ಹಾಕಿ ಬಂದು ನೋಡಿಕೊಂಡು ಹೋದರು. "ಹಲ್ಲು ಬರೋ ಭೇದಿ ಅಂತ ಸುಮ್ನೆ ಕೂತ್‌ಬಿಟ್ಯಾ ಅಮ್ಮಾ?" ಎಂದು ನಿನ್ನಣ್ಣ ಕೇಳಿದ. ಹೌದು, ಸುಮ್ಮನೆ ಕೂತೆ. ಹಲ್ಲು ಬರುವಾಗ, ತೆವಳುವಾಗ, ಎದ್ದು ನಿಲ್ಲುವಾಗ ಮಕ್ಕಳಿಗೆ ಹೊಟ್ಟೆ ಕೆಡುತ್ತದೆ, ಅದಕ್ಕೆ ಔಷಧ ಕೊಡಬಾರದು ಎಂದು ಈ ಕಾಲುವೆ ದಂಡೆಯ ಹೆಂಗಸರೆಲ್ಲ ನಂಬಿದ್ದೇವೆ. ನಿಮ್ಮನ್ನೆಲ್ಲ ಹಾಗೇ ಬೆಳೆಸಿದ್ದು. ಮಗುವಿನ ಕಣ್ಣು ಗುಳಿ ಬಿದ್ದ ಮೇಲೆ ಎತ್ತಿಕೊಂಡು ಓಡಿ ಬಂದೆ. ಆ ನಾಚಿಕೆ ನನಗಿದೆ. ನೀನೂ ಅದನ್ನು ಎತ್ತಿ ಆಡಬೇಡ.

ಈಗ ಬರೆಯುವುದನ್ನು ಓದಿದ ಮೇಲೆ ಕಾಗದ ಹರಿದು ಹಾಕು. ಆ ದಿನ ನೀನು ನನ್ನ ಕಿವಿಯ ಹತ್ತಿರ ಬಗ್ಗಿ, "ಇಲ್ಲಿ ನನ್ನನ್ನ ಡಾಕ್ಟರಮ್ಮ ಅಂತ ಕರಿ. ನಾನು ನಿನ್ನ ಮಗಳು ಅಂತ ಯಾರಿಗೂ ಹೇಳ್ಬೇಡ" ಎಂದಾಗ ನನಗೆ ಒಡನೆ ಅರ್ಥವಾಯಿತು. ನಿಮ್ಮ ಪರೀಕ್ಷೆಯ ವಿಷಯವನ್ನು ಡ್ಯೂಟಿ ಡಾಕ್ಟರು ಹಿಂದಿನ ದಿನವೇ ಓದಿ ಹೇಳಿ ಸಹಿ ಹಾಕಿಸಿಕೊಂಡಿದ್ದ. ಭೇದಿಯ ಮಕ್ಕಳಲ್ಲಿ ಅರ್ಧದಷ್ಟಕ್ಕೆ ಹೊಟ್ಟೆಗೆ ಒಳ್ಳೆಯದು ಮಾಡುವ ಜೀವಂತ ಕ್ರಿಮಿಗಳ ಪುಡಿಯಂತೆ, ಉಳಿದರ್ಧಕ್ಕೆ ನೋಡಲು ಹಾಗೇ ಇರುವ ಬರೀ ಹಿಟ್ಟಂತೆ, ಯಾರಿಗೆ ಯಾವುದು ಎಂದು ಡಾಕ್ಟರಿಗೂ ಗೊತ್ತಿರುವುದಿಲ್ಲವಂತೆ. ನಾನು ತಲೆಯಾಡಿಸಿದೆ. ತಾನು ಕೊಡುವ ಪೊಟ್ಟಣದಲ್ಲಿ ಏನಿದೆ ಎಂದು ತಿಳಿಯದ ಡಾಕ್ಟರು ಭೂಮಿಯ ಮೇಲೆ ಎಲ್ಲಾದರೂ ಇದ್ದಾನೆಯೇ? ನೀನು ಸಿಗಡಿಗೆ ಜೀವವಿರುವ ಪುಡಿಯನ್ನೇ ಆರಿಸಿ ಕೊಡಿಸಿದ್ದೀಯ, ಯಾರಿಗೂ ಅನುಮಾನ ಬರದಿರಲಿ ಎಂದು ನೆಂಟಸ್ತಿಕೆ ಮುಚ್ಚಿಡುತ್ತಿದ್ದೀಯ ಎಂದು ಹೊಳೆಯಿತು.

ಸಂತೋಷವಾಗಬೇಕಿತ್ತು. ಆಗಲಿಲ್ಲ. ನಮ್ಮ ಮಂಚದಲ್ಲೇ, ಸಿಗಡಿಯ ಕಾಲ ಬಳಿ ತಲೆಯಿಟ್ಟು ಮಲಗಿತ್ತಲ್ಲ ಲುವೊಮ್‌ಳ ಮಗಳು ಕುಂಬಳಿ, ಅದರ ಮುಖ ನೋಡಲು ನನಗೆ ಆಗಲಿಲ್ಲ. ಲುವೊಮ್ ನಮ್ಮೂರಾಚೆಯ ಭಟ್ಟಿಯಲ್ಲಿ ಇಟ್ಟಿಗೆ ಹೊರುವವಳು. ಅವಳು ನನ್ನ ಕಣ್ಣೆದುರಿಗೆ ಮಗುವಿಗೆ ಹಿಟ್ಟು ಕುಡಿಸುತ್ತಿರುವಾಗ ನಾನು ನಮ್ಮದಕ್ಕೆ ಔಷಧ ಕುಡಿಸುವುದೇ? ಕೈ ಬರಲಿಲ್ಲ. ಎರಡು ಪೊಟ್ಟಣವನ್ನೂ ಒಂದೇ ಲೋಟಕ್ಕೆ ಸುರಿದು ಕಲಸಿ ಇಬ್ಬರಿಗೂ ಸಮನಾಗಿ ಹಂಚಿದೆ. ಪಕ್ಕದ ಮಂಚಗಳವರು ನೋಡಿ ಕೇಳಿದರು. ನಿಮ್ಮ ನಿಮ್ಮ ಮಂಚದಲ್ಲಿ ನೀವೂ ಹಾಗೇ ಮಾಡಿಕೊಳ್ಳಿ ಎಂದೆ. ಇನ್ನು ನನ್ನ ಮಗಳು ತನ್ನವರಿಗೊಂದು ಪರರಿಗೊಂದು ಮಾಡಿದಳು ಎಂದು ಯಾರೂ ಬೆರಳು ತೋರಿಸುವಂತಿಲ್ಲ. ನೆಮ್ಮದಿಯಾಗಿರು.

ಅಮ್ಮ


ಸೈಗಾನ್
3 ಮೇ 1998

ಅಮ್ಮ,

ನಿನ್ನ ಕಾಗದ ಹರಿದು ಹಾಕಿಲ್ಲ.

ನನಗೆ ಗೊತ್ತಿರಲಿಲ್ಲ. ಸಿಗಡಿಯ ಪೊಟ್ಟಣದಲ್ಲಿ ಏನಿತ್ತೆಂದು ನನಗೆ ಅಂದೂ ಗೊತ್ತಿರಲಿಲ್ಲ, ಇಂದೂ ಗೊತ್ತಿಲ್ಲ. ಈ ಪರೀಕ್ಷೆ ನಡೆಸುತ್ತಿರುವ ನಮ್ಮ ಖಿಯೆಮ್ ಮೇಷ್ಟ್ರಿಗೂ ಗೊತ್ತಿಲ್ಲ. ಯಾವ ನಂಬರಿಗೆ ಯಾವ ಪುಡಿ ಎಂಬುದು ಮುದ್ರೆ ಹಾಕಿದ ಲಕೋಟೆಯಲ್ಲಿ ಬೇರೆ ಕಡೆ ಇದೆ. ಎಲ್ಲ ಮಕ್ಕಳ ಚಿಕಿತ್ಸೆ ಮುಗಿದ ಮೇಲಷ್ಟೇ ಒಡೆಯುತ್ತಾರೆ. ಯಾರಿಗೂ ಗೊತ್ತಿಲ್ಲದಿರುವುದೇ ಈ ಪರೀಕ್ಷೆಯ ಜೀವ. ಗೊತ್ತಿದ್ದರೆ ನಮಗೆ ಬೇಕಾದದ್ದನ್ನೇ ಕಾಣುತ್ತೇವೆ.

ಈಗ ಎರಡನ್ನೂ ಬೆರೆಸಿಬಿಟ್ಟರೆ, ಯಾವ ಮಗು ಪುಡಿಯಿಂದ ಬೇಗ ಎದ್ದಿತು, ಯಾವುದು ತಾನಾಗಿಯೇ ಎದ್ದಿತು ಎಂದು ಹೇಗೆ ತಿಳಿಯುವುದು? ಮೇಷ್ಟ್ರು ಎರಡು ವರ್ಷ ಇದಕ್ಕೆ ತೇದಿದ್ದಾರೆ. ಅವರ ಕೈಕೆಳಗೆ ನಾನೂ.

ನೀವು ಊರಿಗೆ ಹೋದ ಮೇಲಾದರೂ ಅದು ನಿಂತಿರಬಹುದು ಎಂದುಕೊಂಡು ನಿನ್ನೆ ವಾರ್ಡಿನ ಬಾಗಿಲಲ್ಲಿ ನಿಂತು ನೋಡಿದೆ. ಮೊನ್ನೆಯಷ್ಟೇ ಸೇರಿದ ಒಬ್ಬ ತಾಯಿ ಎರಡು ಪೊಟ್ಟಣ ಒಂದೇ ಲೋಟಕ್ಕೆ ಸುರಿಯುತ್ತಿದ್ದಳು.

"ಇದೇನಮ್ಮಾ ಮಾಡ್ತಾ ಇದೀರಾ?" ಎಂದೆ.

"ಇಲ್ಲಿ ಹೀಗೇ ಮಾಡೋದಂತೆ ಡಾಕ್ಟರಮ್ಮಾ. ಸಾ ದೆಕ್ ಅಜ್ಜಿ ಹೇಳ್ಕೊಟ್ಟಿದ್ದಂತೆ. ನಮಗಿಂತ ಮುಂಚೆ ಇದ್ದೋರು ಹೋಗ್ತಾ ಹೇಳಿಹೋದ್ರು."

ಹೋಗುವವರು ಬರುವವರಿಗೆ ಕಲಿಸುತ್ತಿದ್ದಾರೆ. ನಿನ್ನನ್ನು ನೋಡದವರೂ ನಿನ್ನ ಹೆಸರು ಹೇಳುತ್ತಿದ್ದಾರೆ.

ಇದನ್ನು ಯಾರ ಮುಂದೆಯೂ ಬಾಯಿ ಬಿಡಬೇಡ. ನನಗೆ ಇಷ್ಟು ಮಾತ್ರ ಬರೆ: ನೀನು ಇದನ್ನು ಯಾವಾಗಿನಿಂದ ಶುರು ಮಾಡಿದೆ? ಯಾಕೆ?

ತ್ರಿನ್


ಸಾ ದೆಕ್
16 ಮೇ 1998

ಊತ್,

ಮೊದಲ ಪೊಟ್ಟಣದಿಂದಲೇ. ಕೇಳಿದೆಯಲ್ಲ, ಅದಕ್ಕೆ ಉತ್ತರ.

ಕಾಗದದ ಕೊನೆಗೆ ತ್ರಿನ್ ಎಂದು ಬರೆದಿದ್ದೀಯ. ಔಷಧದ ಚೀಟಿಯ ಕೆಳಗೆ ಹಾಕುವ ಹಾಗೆ. ಇರಲಿ.

ಯಾಕೆ ಎಂದು ಕೇಳಿದ್ದಕ್ಕೆ ನಡೆದದ್ದನ್ನು ನಡೆದ ಹಾಗೇ ಬರೆಯುತ್ತೇನೆ. ನರ್ಸು ಪೊಟ್ಟಣಗಳನ್ನು ಕೊಟ್ಟು ಹೋದಳು. ನಾನು ನಮ್ಮದನ್ನು ಒಡೆದು ಮೂಗಿಗೆ ಹಿಡಿದೆ. ಹುದುಗಿಸಿದ ಅನ್ನದುಂಡೆ ಮಾರಿಯೇ ಕೂದಲು ಬೆಳ್ಳಗಾದವಳು ನಾನು. ಹುದುಗಿನ ಬಿಲ್ಲೆ ಸತ್ತಿದೆಯೋ ಬದುಕಿದೆಯೋ ಎಂದು ಕಣ್ಣು ಮುಚ್ಚಿಕೊಂಡು ಹೇಳುತ್ತೇನೆ. ನಮ್ಮ ಪೊಟ್ಟಣಕ್ಕೆ ಜೀವವಿತ್ತು. ಲುವೊಮ್‌ಳದನ್ನು ಮೂಸಿದೆ. ಗೋಡೆಯ ಸುಣ್ಣದ ಹಾಗೆ ಸಪ್ಪೆ. ಅಲ್ಲಿಗೆ ನನಗೆ ಖಾತ್ರಿಯಾಯಿತು.

"ಏನಕ್ಕಾ, ಮೂಸ್ತಾ ಇದೀರಾ?" ಎಂದಳು ಲುವೊಮ್.

"ಏನಿಲ್ಲ ಕಣೇ. ಆ ನಿನ್ನ ಪೊಟ್ಟಣ ಇಲ್ಲಿ ಕೊಡು."

"ಬೇಡಕ್ಕಾ, ನರ್ಸಮ್ಮ ಬೈತಾರೆ. ನಂಬರ್ ಬರ್ದಿದೆ ಅದ್ರ ಮೇಲೆ."

"ನಂಬರ್ ಇರೋದು ಕಾಗದದ ಮೇಲೆ, ಪುಡಿ ಮೇಲಲ್ಲ. ಕೊಡು ಅಂದ್ರೆ ಕೊಡು. ಇಬ್ರಿಗೂ ಸೇರಿಸಿ ಕಲಸ್ತೀನಿ."

"ಅಯ್ಯೋ, ನಮ್ದು ಬರೀ ಹಿಟ್ಟಾಗಿರತ್ತೆ ಬಿಡಿ. ನಮ್ಮ ಹಣೇಲಿ ಒಳ್ಳೇದು ಯಾವತ್ತು ಬರ್ದಿತ್ತು? ನಿಮ್ಮ ಮಗೂದು ಯಾಕೆ ಹಾಳ್ಮಾಡ್ತೀರಾ?"

ಅಳುತ್ತಾ ಹೇಳಿದ್ದರೆ ನಾನು ತಡೆದುಕೊಳ್ಳುತ್ತಿದ್ದೆನೇನೋ. ಅವಳು ಮಗುವಿನ ಕುಂಡೆ ಒರೆಸುತ್ತಾ, ಇವತ್ತು ಬಿಸಿಲು ಜಾಸ್ತಿ ಎನ್ನುವ ಹಾಗೆ ಹೇಳಿದಳು. ತನ್ನ ಮಗುವಿಗೆ ಹಿಟ್ಟೇ ಸಿಕ್ಕಿದೆ ಎಂದು ಒಬ್ಬಳು ಮೊದಲೇ ಒಪ್ಪಿಕೊಂಡು ಕೂತಿದ್ದಾಳೆ, ನಾನು ನೋಡಿದರೆ ಡಾಕ್ಟರ ತಾಯಿ. ಕಳ್ಳಿಯಂತೆ ಅನಿಸಿತು. ನಾನು ಕಲಸಿ ಕೊಟ್ಟಾಗ ಅವಳು ನನ್ನ ಕೈಯನ್ನು ಎರಡೂ ಕೈಯಲ್ಲಿ ಹಿಡಿದುಕೊಂಡಳು. ಬಿಡಿಸಿಕೊಳ್ಳಲು ಎಷ್ಟು ಹೊತ್ತಾಯಿತು ಗೊತ್ತೇ?

ಎರಡು ವರ್ಷದ ಕೆಲಸ ಹಾಳಾಯಿತು ಎಂದು ಬರೆದಿದ್ದೀಯ. ನಾನು ಓದಿದ್ದು ನಾಲ್ಕನೇ ಕ್ಲಾಸು, ನಿಮ್ಮ ಲೆಕ್ಕಾಚಾರ ನನಗೆ ತಿಳಿಯದು. ತಿಳಿಯದೆ ಮಾಡಿದೆ ಎಂದು ಹೇಳಿ ಪಾರಾಗುವುದೂ ನನಗೆ ಬೇಡ. ಆದರೆ ನನಗೂ ಒಂದು ಮಾತು ಕೇಳುವುದಿದೆ. ನೀನು ಸಿಗಡಿಗೆ ಪುಡಿ ಆರಿಸಿ ಕೊಟ್ಟಿಲ್ಲ ಎಂದಾದರೆ, ಆ ಪೊಟ್ಟಣದ ವಿಷಯ ನಿನಗೆ ಏನೇನೂ ಗೊತ್ತಿರಲಿಲ್ಲ ಎಂದಾದರೆ, ನಾನು ನಿನ್ನ ತಾಯಿ ಎಂದು ಮುಚ್ಚಿಟ್ಟದ್ದು ಯಾತಕ್ಕೆ? ಇದಕ್ಕೊಂದು ಉತ್ತರ ಬರೆ.

ಅಮ್ಮ


ಸಾ ದೆಕ್
29 ಮೇ 1998

ಊತ್,

ನಿನ್ನಿಂದ ಕಾಗದವಿಲ್ಲ.

ನಾಳೆ ಚಂದ್ರಮಾನದ ಐದನೇ ತಿಂಗಳ ಐದನೇ ದಿನ. ಎದ್ದ ಕೂಡಲೇ ಹುದುಗಿದ ಅನ್ನ ತಿಂದು ಹೊಟ್ಟೆಯ ಹುಳ ಕೊಲ್ಲುವ ಹಬ್ಬ. ಈ ವಾರ ನನಗೆ ಕೈತುಂಬ ಕೆಲಸ. ಬಸ್ಸಿನ ಡ್ರೈವರ್ ಕೈಯಲ್ಲಿ ಒಂದು ಡಬ್ಬಿ ಕಳಿಸಿದ್ದೇನೆ, ಹಾಸ್ಟೆಲಿನ ಹುಡುಗಿಯರಿಗೂ ಕೊಡು. ಯಾರು ಕಳಿಸಿದ್ದು ಎಂದು ಕೇಳಿದರೆ ಊರ ಕಡೆಯವರು ಎನ್ನು.

ಲುವೊಮ್ ಬಂದಿದ್ದಳು. ಬಾತುಕೋಳಿ ಮೊಟ್ಟೆ ತಂದಿದ್ದಳು. ಹಲಗೆಯ ಮೇಲೆ ಕೂರು ಎಂದರೆ ಕೂರುವುದಿಲ್ಲ, ಹೊಸ್ತಿಲಲ್ಲೇ ಕುಕ್ಕರಗಾಲು. ಕುಂಬಳಿ ಈಗ ನಿಲ್ಲುತ್ತದೆ, ಸಿಗಡಿಯ ಕೈಯಿಂದ ಬಾಳೆಹಣ್ಣು ಕಿತ್ತುಕೊಳ್ಳುತ್ತದೆ.

"ಅಕ್ಕಾ, ನಮ್ಮ ಪಾಲಿಗೆ ದೇವ್ರು ನೀವು" ಎಂದಳು. "ನಿಮ್ಮ ಪುಡಿ ಅರ್ಧ ಕೊಡದೇ ಇದ್ದಿದ್ರೆ ಇದು ಎಲ್ಲಿರ್ತಿತ್ತು? ಭಟ್ಟೀಲಿ ಎಲ್ರಿಗೂ ಹೇಳಿದೀನಿ."

"ಎಲ್ರಿಗೂ ಯಾಕೆ ಹೇಳಕ್ಕೆ ಹೋದೆ? ಬಾಯ್ಮುಚ್ಕೊಂಡು ಇರಕ್ಕಾಗಲ್ವಾ ನಿಂಗೆ?"

"ನೋಡಿ, ಮಾಡಿದ್ದನ್ನ ಹೇಳ್ಕೊಳ್ಳೋ ಬುದ್ಧೀನೂ ಇಲ್ಲ ನಿಮಗೆ!" ಎಂದು ಅವಳು ಮತ್ತೂ ಹೊಗಳಿದಳು.

ನೆಲ ಬಾಯಿ ಬಿಡಬಾರದೇ ಎನಿಸಿತು. ನಿನ್ನ ಕೆಲಸಕ್ಕೆ ಕೊಡಲಿ ಹಾಕಿದ್ದಕ್ಕೆ ನನಗೆ ಮೊಟ್ಟೆ ಬರುತ್ತಿದೆ. ಬೇಡ ಎನ್ನೋಣವೆಂದರೆ ಯಾಕೆ ಬೇಡ ಎಂದು ಹೇಳಬೇಕಾಗುತ್ತದೆ. ತೆಗೆದುಕೊಂಡೆ. ಬೇಯಿಸಿ ಸಿಗಡಿಗೆ ತಿನ್ನಿಸಿದೆ, ನಾನು ಮುಟ್ಟಲಿಲ್ಲ.

ನೀನು ಉತ್ತರ ಬರೆಯದಿದ್ದರೆ ನಾನೇ ಬಸ್ಸು ಹತ್ತಿ ಬಂದು ನಿನ್ನ ಮೇಷ್ಟ್ರ ಮುಂದೆ ನಿಂತು ಎಲ್ಲ ಹೇಳಿಬಿಡುತ್ತೇನೆ. ನೀನು ಅಲ್ಲಿರಬೇಕೆಂದೇನಿಲ್ಲ. ನಿನ್ನ ತಾಯಿ ಎಂದೂ ಹೇಳುವುದಿಲ್ಲ.

ಅಮ್ಮ


ಸೈಗಾನ್
21 ಜೂನ್ 1998

ಅಮ್ಮ,

ದಯವಿಟ್ಟು ಬರಬೇಡ. ನಾನೇ ಹೇಳಬೇಕಾದದ್ದು.

ಹೇಳಲು ಎರಡು ಸಲ ಹೋದೆ. ಮೊದಲ ಸಲ ಮೇಷ್ಟ್ರು ತಲೆಯೆತ್ತಿ, "ಏನಮ್ಮಾ ತ್ರಿನ್?" ಎಂದರು. "ವಾರ್ಡಲ್ಲಿ ಫ್ಯಾನ್ ಕೆಟ್ಟಿದೆ ಸಾರ್" ಎಂದೆ. ಇನ್ನೊಂದು ಸಲ ಹೋಗಿ ನಲ್ಲಿ ಸೋರುತ್ತಿದೆ ಎಂದೆ. ನಮ್ಮ ವಾರ್ಡಿನಲ್ಲಿ ಈಗ ಫ್ಯಾನ್ ತಿರುಗುತ್ತಿದೆ, ನಲ್ಲಿಯೂ ಸೋರುವುದಿಲ್ಲ. ಮುಂದಿನ ತಿಂಗಳ ಕೊನೆಗೆ ಅವರು ಹನೋಯಿಗೆ ಹೋಗಿ ದೊಡ್ಡ ದೊಡ್ಡವರ ಮುಂದೆ ಇದರ ಫಲಿತಾಂಶ ಓದುತ್ತಾರೆ. ಅದು ತಪ್ಪೆಂದು ತಿಳಿದಿರುವುದು ನನಗೊಬ್ಬಳಿಗೇ. ಊಟಕ್ಕೆ ಕೂತರೆ ಅವರು ತಮ್ಮ ತಟ್ಟೆಯ ಮೀನನ್ನು ನನ್ನ ಬಟ್ಟಲಿಗೆ ಹಾಕುತ್ತಾರೆ. ತಿನ್ನುತ್ತೇನೆ.

ನಿನ್ನ ಪ್ರಶ್ನೆಗೆ ಉತ್ತರ ಬರೆಯಲು ಎಷ್ಟೋ ಹಾಳೆ ಹರಿದೆ. ನಿಯಮ ಇತ್ತು ಎಂದು ಬರೆದೆ. ಅದು ಅರ್ಧ ಸತ್ಯ. ಡಾಕ್ಟರ ನೆಂಟರ ಮಕ್ಕಳು ಪರೀಕ್ಷೆಯಲ್ಲಿ ಇರಬಾರದು ಎಂಬುದು ನಿಯಮ. ನಾನು ರಜೆಯಿಂದ ಬರುವಷ್ಟರಲ್ಲಿ ಡ್ಯೂಟಿ ಡಾಕ್ಟರು ಸಿಗಡಿಯನ್ನು ಸೇರಿಸಿಬಿಟ್ಟಿದ್ದ. "ಇವನು ನಮ್ಮಣ್ಣನ ಮಗ ಸಾರ್" ಎಂದು ಒಂದು ಮಾತು ಹೇಳಿದ್ದರೆ ಸಾಕಿತ್ತು, ಅವನನ್ನು ಪರೀಕ್ಷೆಯಿಂದ ಬಿಡುತ್ತಿದ್ದರು. ಓಆರ್‌ಎಸ್ ನೀರು, ಡ್ರಿಪ್ಪು, ಮಂಚ ಎಲ್ಲವೂ ಹಾಗೇ ಸಿಗುತ್ತಿದ್ದವು.

ಹೇಳೋಣವೆಂದೇ ಮೇಷ್ಟ್ರ ಜೊತೆ ಒಳಗೆ ಬಂದೆ. ಆಗ ನೀನು ಮಂಚದ ಕೆಳಗಿನ ಚಾಪೆಯ ಜಾಗಕ್ಕೆ ನರ್ಸಿನ ಜೊತೆ ಜಗಳಕ್ಕೆ ನಿಂತಿದ್ದೆ. ಪೈಜಾಮ ಮೊಣಕಾಲಿಗೆ ಮಡಿಚಿದ್ದೆ. "ಈ ಜಾಗ ನಿಮ್ಮಪ್ಪಂದಾ?" ಎಂದು ಕೂಗುತ್ತಿದ್ದೆ, ಕೈಯಲ್ಲಿ ಅನ್ನದುಂಡೆಯ ಡಬ್ಬಿ. ಇಡೀ ವಾರ್ಡು ನಗುತ್ತಿತ್ತು. ಮೇಷ್ಟ್ರೂ ನಕ್ಕರು. ನನ್ನ ಬಾಯಿಂದ ಅಮ್ಮ ಎಂಬ ಪದ ಹೊರಡಲಿಲ್ಲ.

ಸಿಗಡಿಗಾಗಿ ಅಲ್ಲ, ನಿಯಮಕ್ಕಾಗಿಯೂ ಅಲ್ಲ. ನನಗೆ ನಿನ್ನಿಂದ ನಾಚಿಕೆಯಾಯಿತು. ಅದನ್ನು ಮುಚ್ಚಲು ಹೋಗಿ ಇಷ್ಟೆಲ್ಲ ಆಯಿತು. ನೀನು ಪುಡಿ ಕಲಸುವ ಮೊದಲೇ ನಾನು ಸುಳ್ಳು ಕಲಸಿದ್ದೆ.

ನಿನ್ನ ಡಬ್ಬಿ ತಲುಪಿತು. ಯಾರು ಕಳಿಸಿದ್ದು ಎಂದು ಕೇಳಿದರು. ನೀನು ಹೇಳಿಕೊಟ್ಟ ಹಾಗೇ ಹೇಳಿದೆ.

ನಿನ್ನ ಊತ್


ಸಾ ದೆಕ್
2 ಜುಲೈ 1998

ಊತ್,

ನನಗೆ ಮೊದಲೇ ಗೊತ್ತಿತ್ತು ಎಂದು ಬರೆದರೆ ದೊಡ್ಡವಳೆನಿಸಿಕೊಳ್ಳುತ್ತೇನೆ. ಆದರೆ ಗೊತ್ತಿರಲಿಲ್ಲ. ಸಿಗಡಿಯ ಮೇಲಿನ ಪ್ರೀತಿಗೆ ನೀನು ನಿಯಮ ಮುರಿದೆ, ಅದಕ್ಕೇ ನನ್ನನ್ನು ಮುಚ್ಚಿಟ್ಟೆ ಎಂದು ತಿಳಿದಿದ್ದೆ. ತಪ್ಪಾದರೂ ಒಳ್ಳೆಯ ತಪ್ಪು ಎಂದು ಒಳಗೊಳಗೇ ಬೀಗಿದ್ದೂ ಇದೆ. ಈಗ ಅದೂ ಹೋಯಿತು.

ನಿನ್ನ ಕಾಗದ ಓದಿ ಕಾಲುವೆಗೆ ಹೋಗಿ ಅಕ್ಕಿ ತೊಳೆಯುತ್ತಾ ಕೂತೆ. ಎಷ್ಟು ತೊಳೆದೆನೋ, ಪಕ್ಕದ ಮನೆಯವಳು ದೋಣಿಯಿಂದ, "ಏನತ್ತೆ, ಅಕ್ಕಿ ತೊಳೀತಿದೀರೋ, ಮೀನಿಗೆ ಊಟ ಹಾಕ್ತಿದೀರೋ?" ಎಂದು ಕೇಳಿದಳು. ಅರ್ಧ ಅಕ್ಕಿ ನೀರು ಪಾಲಾಗಿತ್ತು.

ನನ್ನ ಬಾಯಿ ಜೋರು, ನಿಜ. ಬಟ್ಟೆಯೂ ಚೆನ್ನಾಗಿರಲಿಲ್ಲ. ಮಗು ಹೊತ್ತು ಬಸ್ಸಿಳಿದವಳು ಹೇಗಿರಬೇಕೋ ಹಾಗಿದ್ದೆ. ನಿನ್ನ ಮೇಲೆ ಸಿಟ್ಟಿಲ್ಲ ಎಂದು ಬರೆಯುವುದಿಲ್ಲ. ಸಿಟ್ಟಿದೆ. ಇರಲಿ, ಅದು ನಮ್ಮಿಬ್ಬರದು, ಎಲ್ಲೂ ಹೋಗುವುದಿಲ್ಲ.

ಈಗ ನೀನು ಹೋಗಿ ಹೇಳು. ನನ್ನ ಮಾನಕ್ಕಾಗಲಿ ನಿನ್ನ ಮಾನಕ್ಕಾಗಲಿ ಅಲ್ಲ. ನಾಳೆ ಎಲ್ಲೋ ಒಬ್ಬ ತಾಯಿ ಕಣ್ಣು ಗುಳಿ ಬಿದ್ದ ಮಗುವನ್ನು ಎತ್ತಿಕೊಂಡು ಬರುತ್ತಾಳೆ. ನಿಮ್ಮ ಮೇಷ್ಟ್ರು ಓದಿದ್ದನ್ನು ನಂಬಿ ಅವಳ ಕೈಗೆ ಪುಡಿ ಕೊಡುತ್ತಾರೆ, ಇಲ್ಲವೇ ಕೊಡದೆ ಕಳಿಸುತ್ತಾರೆ. ಎರಡರಲ್ಲಿ ಯಾವುದಾದರೂ ಅದು ನನ್ನ ಲೋಟದ ಸುಳ್ಳು. ಅದನ್ನು ಹೊತ್ತುಕೊಂಡು ನಾನು ಸಾಯಲಾರೆ.

ಫ್ಯಾನು, ನಲ್ಲಿ ಎರಡೂ ರಿಪೇರಿಯಾಯಿತಲ್ಲ, ಇನ್ನು ನಿನಗೆ ಬೇರೆ ನೆಪವೂ ಇಲ್ಲ. ಹೋಗು.

ಅಮ್ಮ


ಸೈಗಾನ್
9 ಆಗಸ್ಟ್ 1998

ಅಮ್ಮ,

ಹೇಳಿದೆ. ಮೇಷ್ಟ್ರು ಹನೋಯಿಗೆ ಹೊರಡುವ ಮೊದಲೇ ಹೇಳಿದೆ.

ಅವರು ಕನ್ನಡಕ ತೆಗೆದು ಮೇಜಿನ ಮೇಲಿಟ್ಟರು. ಬೈದಿದ್ದರೆ ಎಷ್ಟೋ ವಾಸಿಯಿತ್ತು. ಆಮೇಲೆ ನಿಧಾನವಾಗಿ ಹೇಳಿದರು: "ನಿಮ್ಮಮ್ಮಂದು ತಪ್ಪಲ್ಲ. ಎರಡು ಮಕ್ಕಳನ್ನ ಒಂದೇ ಮಂಚದಲ್ಲಿ ಮಲಗಿಸಿ, ಇವನ ಪಾಲು ಇವನಿಗೆ ಅವಳ ಪಾಲು ಅವಳಿಗೆ ಅಂತ ಹೇಳಿದ್ದು ನಾನು. ನಮ್ಮ ಜನ ಹಂಚಿಕೊಳ್ತಾರೆ ಅಂತ ನನಗೆ ಹೊಳೀಬೇಕಿತ್ತು." ನಾನು ಅಳತೊಡಗಿದೆ. "ಅಳು ನಿಲ್ಸು. ನೀನು ತಿಳಿದೂ ಇಷ್ಟು ದಿನ ಬಾಯ್ಮುಚ್ಕೊಂಡಿದ್ದೆಯಲ್ಲ, ಅದು ಮಾತ್ರ ನಿಂದೇ" ಎಂದರು.

ನಮ್ಮ ವಾರ್ಡಿನ ಮಕ್ಕಳ ಲೆಕ್ಕವನ್ನೆಲ್ಲ ಪರೀಕ್ಷೆಯಿಂದ ತೆಗೆದುಹಾಕಿದರು. ಅದರ ಜೊತೆ ನನ್ನ ಹೆಸರನ್ನೂ. ಡಾಕ್ಟರ ಕೆಲಸ ಉಳಿದಿದೆ, ಮೇಷ್ಟ್ರ ಪಕ್ಕದ ಕುರ್ಚಿ ಉಳಿದಿಲ್ಲ. ಊಟಕ್ಕೂ ಈಗ ಬೇರೆ ಮೇಜಿನಲ್ಲಿ ಕೂರುತ್ತೇನೆ. ಅವರು ಕರೆದಿಲ್ಲ, ನನಗೂ ಹೋಗುವ ಮುಖವಿಲ್ಲ.

ಇದೇ ಪರೀಕ್ಷೆ ನಡೆದ ಬೇರೆ ಆಸ್ಪತ್ರೆಗಳಲ್ಲಿ ಒಂದು ಮಂಚಕ್ಕೆ ಒಂದೇ ಮಗು. ಅಲ್ಲಿನ ಲೆಕ್ಕ ಮಾತ್ರ ಇಟ್ಟುಕೊಂಡು ಲಕೋಟೆ ಒಡೆದರು. ಪುಡಿ ಕುಡಿದ ಮಕ್ಕಳಿಗೂ ಹಿಟ್ಟು ಕುಡಿದ ಮಕ್ಕಳಿಗೂ ಗುಣವಾಗಲು ಹೆಚ್ಚುಕಮ್ಮಿ ಅಷ್ಟೇ ದಿನ ಹಿಡಿದಿದೆ. ನಾವು ಪರೀಕ್ಷಿಸಿದ ಪುಡಿಯಿಂದ ನಮ್ಮ ಮಕ್ಕಳಿಗೆ ಹೇಳಿಕೊಳ್ಳುವಂಥ ಉಪಯೋಗ ಕಾಣಲಿಲ್ಲ. ಎಲ್ಲರನ್ನೂ ಉಳಿಸಿದ್ದು ಓಆರ್‌ಎಸ್ ನೀರು, ಎದೆಹಾಲು, ಗಂಜಿ. ಮೇಷ್ಟ್ರು ಇದನ್ನೇ ಹನೋಯಿಯಲ್ಲಿ ಓದಿದರು. ಅವರಿಗೆ ಆ ಪುಡಿಯ ಮೇಲೆ ಎಷ್ಟು ಆಸೆಯಿತ್ತೆಂದು ನನಗೆ ಗೊತ್ತು.

ಲಕೋಟೆ ಒಡೆದ ದಿನ ಸಿಗಡಿಯ ನಂಬರನ್ನೂ ಕುಂಬಳಿಯ ನಂಬರನ್ನೂ ನೋಡಿದೆ. ನಿನಗೆ ಹೇಳದೆ ಇರಬಹುದಿತ್ತು. ಇನ್ನು ಮುಚ್ಚಿಡುವುದು ಬೇಡ ಎಂದು ಬರೆಯುತ್ತಿದ್ದೇನೆ. ಸಿಗಡಿಯದು ಬರೀ ಹಿಟ್ಟು. ಜೀವವಿದ್ದ ಪುಡಿ ಕುಂಬಳಿಯದು. ನಿನ್ನ ಮೂಗು ತಪ್ಪಿತು, ಅಮ್ಮ. ನೀನು ಕೊಟ್ಟೆ ಎಂದುಕೊಂಡದ್ದನ್ನು ನೀನು ಪಡೆದುಕೊಂಡಿದ್ದೆ.

ನರ್ಸುಗಳಿಗೆ ಸಾ ದೆಕ್ ಅಜ್ಜಿ ನನ್ನ ತಾಯಿ ಎಂದು ಹೇಳಿದೆ. "ಅಯ್ಯೋ, ಆ ಜಗಳಗಂಟಿ ಅಜ್ಜೀನಾ?" ಎಂದರು. "ಹೌದು, ಅವರೇ" ಎಂದೆ. ಹೇಳುವಾಗ ಕಿವಿ ಬಿಸಿಯಾಯಿತು. ಆದರೂ ಹೇಳಿದೆ.

ನಿನ್ನ ಊತ್


ಸಾ ದೆಕ್
30 ಆಗಸ್ಟ್ 1998

ಊತ್,

ನಿನ್ನ ಕಾಗದ ಬಂದ ದಿನ ನಾನು ಅನ್ನ ಹುದುಗಿಸಲಿಲ್ಲ. ಮರುದಿನವೂ ಇಲ್ಲ. ಗಿರಾಕಿಗಳು ಬಂದು ಬಾಗಿಲು ಬಡಿದು ಹೋದರು. ಮೂಗನ್ನು ನಂಬಿ ಬದುಕಿದವಳಿಗೆ ಅದು ಸುಳ್ಳು ಹೇಳಿತು ಎಂದು ತಿಳಿದರೆ ಕೈ ಓಡುವುದಿಲ್ಲ. ಅದಕ್ಕಿಂತ ಹೆಚ್ಚಾಗಿ, ಆ ಹೆಂಗಸು ನನ್ನ ಹೊಸ್ತಿಲಲ್ಲಿ ಕುಕ್ಕರಗಾಲಲ್ಲಿ ಕೂತು ನನ್ನನ್ನು ದೇವರು ಎಂದದ್ದು ಕಿವಿಯಲ್ಲಿ ಕೂತುಬಿಟ್ಟಿತ್ತು. ಅವಳ ಮಗಳ ಔಷಧ ಕಸಿದು ಕುಡಿಸಿ, ಮೇಲಿಂದ ಅವಳಿಂದಲೇ ಕೈ ಹಿಡಿಸಿಕೊಂಡು, ಮೊಟ್ಟೆಯನ್ನೂ ತೆಗೆದುಕೊಂಡಂತಾಯಿತು.

ಸಿಗಡಿಯನ್ನು ಸೊಂಟಕ್ಕೆ ಏರಿಸಿಕೊಂಡು ಭಟ್ಟಿಗೆ ಹೋದೆ. ನಿನ್ನ ಕಾಗದ ಅಂಗಿಯ ಎದೆಜೇಬಿನಲ್ಲಿತ್ತು. ಅದರಲ್ಲಿ ಇರುವುದನ್ನೆಲ್ಲ, ಒಂದನ್ನೂ ಬಿಡದೆ ಹೇಳಿಬಿಡಬೇಕು ಎಂದೇ ಹೊರಟಿದ್ದೆ.

ಲುವೊಮ್ ಇಟ್ಟಿಗೆ ಇಳಿಸುತ್ತಿದ್ದಳು. ಜೊತೆಯವರೂ ಇದ್ದರು. ಎಲ್ಲರ ಎದುರೇ ಶುರು ಮಾಡಿದೆ.

"ಲುವೊಮ್, ನಾನು ನಿನಗೆ ಏನೂ ಕೊಡ್ಲಿಲ್ಲ ಕಣೇ. ನಮ್ಮ ಪೊಟ್ಟಣದಲ್ಲಿ ಇದ್ದಿದ್ದು ಬರೀ ಹಿಟ್ಟು. ನಿಜವಾದ ಪುಡಿ ನಿಂದಾಗಿತ್ತು. ನಮ್ಮ ಸಿಗಡಿ ಕುಡಿದಿದ್ದು ನಿನ್ನ ಕುಂಬಳಿದು. ನನ್ನ ಮಗಳು ಅಲ್ಲಿ ಡಾಕ್ಟರು. ಅವಳೇ ನೋಡಿ ಬರ್ದಿದಾಳೆ."

"ಯಾರು, ಆ ಬೆಳ್ಳಗಿರೋ ಡಾಕ್ಟರಮ್ಮ ನಿಮ್ಮ ಮಗಳಾ?"

"ಹೂಂ, ನನ್ನ ಮಗಳೇ. ಅದಿರ್ಲಿ, ನಾನು ಹೇಳಿದ್ದು ಕೇಳಿಸ್ತಾ ನಿಂಗೆ? ಬೈಯಬೇಕು ಅನ್ಸಿದ್ರೆ ಬೈದ್‌ಬಿಡು."

ಅವಳು ಇಟ್ಟಿಗೆ ಹಿಡಿದ ಹಾಗೇ ನಿಂತಿದ್ದಳು. ಉಗಿಯುತ್ತಾಳೆ ಎಂದುಕೊಂಡೆ, ಉಗಿಯಲಿ ಎಂದೂ ಅನಿಸಿತು. ಇಟ್ಟಿಗೆ ಕೆಳಗಿಟ್ಟು ಅಂಗಿಗೆ ಕೈ ಒರೆಸಿಕೊಂಡು ಜೊತೆಯವರ ಕಡೆ ತಿರುಗಿ ಕೂಗಿದಳು: "ಕೇಳಿದ್ರೇನ್ರೇ? ಡಾಕ್ಟರ ಮನೆ ಮಗೂಗೆ ನಮ್ಮ ಕುಂಬಳಿ ಔಷಧಿ ಕೊಟ್ಟಿದ್ಲಂತೆ! ನಮ್ಮ ಕುಂಬಳಿ! ಕೊಟ್ಟಿದ್ಲಂತೆ!"

ಅವಳ ಮುಖವನ್ನು ನೀನು ನೋಡಬೇಕಿತ್ತು. ನನ್ನ ಹೊಸ್ತಿಲಿಗೆ ಬರುತ್ತಿದ್ದ ಲುವೊಮ್ ಅಲ್ಲವೇ ಅಲ್ಲ. ನನ್ನನ್ನು ರಟ್ಟೆ ಹಿಡಿದು ಗುಡಿಸಲಿನೊಳಗೆ ಎಳೆದುಕೊಂಡು ಹೋದಳು. "ಮೇಲೆ ಕೂತ್ಕೊಳ್ಳಿ. ಕೂತ್ಕೊಳ್ಳಿ ಅಂದ್ರೆ ಕೂತ್ಕೊಳ್ಳಬೇಕು" ಎಂದು ಗದರಿಸಿದಳು. ಒಣಮೀನು ಸುಟ್ಟು ಅನ್ನ ಬಡಿಸಿದಳು. ಸಿಗಡಿಯನ್ನು ತೊಡೆಯ ಮೇಲೆ ಹಾಕಿಕೊಂಡು ಅವನ ಕೆನ್ನೆ ಹಿಂಡಿ, "ನಮ್ಮ ಋಣ ತಿಂದೋನು ನೀನು, ಗೊತ್ತಾ?" ಎಂದು ನಕ್ಕಳು. ನಾನು ಅವಳಿಗೆ ಕೈ ಮುಗಿದೆ. ಯಾರಿಗೂ ಅಷ್ಟು ಸುಲಭವಾಗಿ ಕೈ ಮುಗಿಯುವವಳಲ್ಲ ನಾನು.

ಮುಂದೆ ಎಂದಾದರೂ ಮಗುವಿಗೆ ಭೇದಿಯಾದರೆ ಮೊದಲು ಉಪ್ಪುಸಕ್ಕರೆಯ ಆ ನೀರು, ಪುಡಿಗೆ ಕಾಯಬೇಡ, ಹಲ್ಲಿನ ಭೇದಿ ಎಂದು ಕೂರಬೇಡ, ಎದೆಹಾಲು ನಿಲ್ಲಿಸಬೇಡ ಎಂದು ಒಂದೊಂದೇ ಹೇಳಿ ಅವಳ ಬಾಯಿಂದ ತಿರುಗಿ ಹೇಳಿಸಿದೆ. ಅಷ್ಟು ಮಾಡಿ ಏಳುವಾಗ ಅವಳು ಬಾಗಿಲಿಗೆ ಅಡ್ಡ ನಿಂತು ಕೇಳಿದಳು:

"ಅಕ್ಕಾ, ನಿಜ ಹೇಳಿ. ನಿಮ್ಮ ಸಿಗಡಿ ಎದ್ದು ಕೂತಿದ್ದು ನಮ್ಮ ಪುಡಿಯಿಂದಾನೇ ಅಲ್ವಾ?"

ನಿನ್ನ ಕಾಗದ ಎದೆಯ ಮೇಲೇ ಇತ್ತು. ಪುಡಿಯಿಂದ ಯಾವ ಉಪಯೋಗವೂ ಕಾಣಲಿಲ್ಲ ಎಂದು ನೀನು ಸ್ಪಷ್ಟವಾಗಿ ಬರೆದ ಕಾಗದ. ಆ ಒಂದು ಮಾತಿಗಾಗಿ ನೀನು ನಿನ್ನ ಹೆಸರು ಕಳೆದುಕೊಂಡೆ, ಮೇಷ್ಟ್ರ ಪಕ್ಕದ ಜಾಗ ಕಳೆದುಕೊಂಡೆ. ಹೇಳಬೇಕೆಂದೇ ಬಾಯಿ ತೆರೆದೆ.

"ಹೌದು ಕಣೇ," ಎಂದೆ, "ನಿಮ್ಮದರಿಂದಾನೇ."

ದಾರಿಯುದ್ದಕ್ಕೂ ನಾಚಿಕೆಯಾಯಿತು, ಊತ್. ಈಗ ಇದನ್ನು ಬರೆಯುವಾಗಲೂ ಆಗುತ್ತಿದೆ. ಆದರೆ ಅವಳು ನಾಳೆ ಬಂದು ಮತ್ತೆ ಕೇಳಿದರೂ ನಾನು ಹಾಗೇ ಹೇಳುತ್ತೇನೆ.

ಅಮ್ಮ